ಮೂರು ಕೊಟೇಶನ್ನಿನ ಸ್ಲ್ಯಾಬು

ಇಡೀ ಸಕ್ಕರೆ ಕಾರ್ಖಾನೆಗೆ ಸಾಮಾನು ಖರೀದಿಸುವವನಿಗೆ ಒಂದು ಮನೆಯ ಸ್ಲ್ಯಾಬು ಯಾವ ಲೆಕ್ಕ?

ಇದು ನನ್ನ ಮಾತು. ಎಂಬತ್ತರ ದಶಕ ಮುಗಿಯುತ್ತ ಬಂದ ಕಾಲದಲ್ಲಿ, ಚಿಕ್ಕೋಡಿಯ ನಮ್ಮ ಮನೆಯ ಪಡಸಾಲೆಯಲ್ಲಿ, ಕೈಯಲ್ಲಿ ಚಹಾದ ಬಸಿ ಹಿಡಿದು ಎದೆಯುಬ್ಬಿಸಿ ಆಡಿದ ಮಾತು. ಕೃಷ್ಣೆಯ ದಂಡೆಯ ಒಂದು ಕಾರ್ಖಾನೆಯ ಖರೀದಿ ವಿಭಾಗದಲ್ಲಿ ನಾನು ಗುಮಾಸ್ತ. ನಟ್ಟು ಬೋಲ್ಟಿನಿಂದ ಹಿಡಿದು ಕಬ್ಬು ಅರೆಯುವ ರೋಲರಿನವರೆಗೆ ಯಾವುದೇ ಸಾಮಾನು ಒಳಗೆ ಬರಬೇಕಾದರೂ ಅದರ ಕಾಗದ ನನ್ನ ಮೇಜಿನ ಮೇಲೆ ಹಾದು ಬರಬೇಕು. ಅಂಥವನಿಗೆ ಉಸುಕು, ಸಿಮೆಂಟು!

ನನ್ನ ಹೆಂಡತಿ ಸುನಂದಾ ಈ ಕಥೆಯನ್ನು ಬೇರೆ ರೀತಿ ಶುರು ಮಾಡುತ್ತಿದ್ದಳು. "ನಮ್ಮ ಮನಿಯವ್ರು ದೊಡ್ಡ ಖರೀದಿ ಮನಿಶ್ಯಾರಿ. ಕೊತಂಬ್ರಿ ತರಾಕ ಕಳಿಸಿದ್ರ ಮೆಂತೆ ತರ್ತಾರ. ಅದೂ ನಾಕ ಅಂಗಡಿ ತಿರಗಿ!" ಕೂತವರು ಅಲ್ಲಿಂದಲೇ ನಗಲು ಸಿದ್ಧರಾಗುತ್ತಿದ್ದರು. ಹೋದ ಚಳಿಗಾಲದಲ್ಲಿ ಅವಳು ತೀರಿಕೊಂಡಳು. ಮಾತಾಡಿಸಲು ಬಂದವರು ಏನು ಮಾತಾಡಬೇಕೆಂದು ತಿಳಿಯದೆ ಸೂರು ನೋಡುತ್ತಾರೆ. ಆ ಸೂರಿನ ಕಥೆ ಅವರಿಗೆಲ್ಲ ಗೊತ್ತು. ಹೇಳುವವಳಿಲ್ಲ. ಅವಳ ಹಾಗೆ ಹೇಳಲು ನನಗೆ ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಮನೆಗೆ ಆಗ ತಗಡಿನ ಪತ್ರಾದ ಮಾಡು. ಬೇಸಿಗೆಯಲ್ಲಿ ರೊಟ್ಟಿಯ ಹಂಚು, ಮಳೆಗಾಲದಲ್ಲಿ ಬಡಿಯುವ ಹಲಗೆ. ಮಳೆ ಜೋರಾದರೆ ನಾನು, ಸುನಂದಾ, ನನ್ನ ಅವ್ವ ಮೂವರೂ ಕೈಸನ್ನೆಯಲ್ಲೇ ಸಂಸಾರ ಮಾಡಬೇಕು. ಸುನಂದಾ ಮದುವೆಯಾಗಿ ಬಂದಾಗಿನಿಂದ ಕೇಳಿದ್ದು ಒಂದೇ: ತಲೆಯ ಮೇಲೊಂದು ಗಟ್ಟಿ ಸ್ಲ್ಯಾಬು.

"ಯಾರರೆ ಗುತ್ತಿಗಿದಾರಗ ವಹಿಸಿ ಬಿಡ್ರಿ," ಎಂದಳು. "ಸಾಮಾನೂ ಅವಂದ, ಮಂದೀನೂ ಅವಂದ. ನಾವು ಆರಾಮ ಇರೂಣು."

"ಹುಚ್ಚಿ, ಗುತ್ತಿಗಿದಾರನ ಲಾಭ ಯಾರ ಕಿಸೆದಾಗಿಂದ ಹೊಕ್ಕೈತಿ? ಖರೀದಿಗೆ ಒಂದು ಪದ್ಧತಿ ಅಂತ ಐತಿ."

"ಆ ಪದ್ಧತಿ ಕಾರ್ಖಾನ್ಯಾಗ ಇರಲಿ. ಮನಿಗೆ ಯಾಕ ತರ್ತೀರಿ?"

"ನೀ ನೋಡ್ತಿರು!"

ನೋಡುತ್ತಲೇ ಇದ್ದಳು, ಪಾಪ.

ಪದ್ಧತಿ ಬಹಳ ಸರಳ. ಪ್ರತಿಯೊಂದು ಸಾಮಾನಿಗೂ ಮೂವರಿಂದ ಮುಚ್ಚಿದ ಪಾಕೀಟಿನಲ್ಲಿ ದರ ತರಿಸಬೇಕು. ಮೂರನ್ನೂ ಒಡೆದು ನೋಡಿ ಎಲ್ಲರಿಗಿಂತ ಕಡಿಮೆ ಬರೆದವನಿಗೆ ಕೆಲಸ ಕೊಡಬೇಕು. ಇದಕ್ಕೆ ಕೊಟೇಶನ್ ಎಂದು ಹೆಸರು. ನಾನು ಅದನ್ನು ಮೊದಲು ಉಸುಕಿಗೆ ಅನ್ವಯಿಸಿದೆ.

ಮೂವರಲ್ಲಿ ಒಬ್ಬ ಯಡೂರಿನ ಲಗಮಣ್ಣ. ಎತ್ತಿನ ಗಾಡಿ ಮಾರಿ ಹೊಸದಾಗಿ ಟ್ರ್ಯಾಕ್ಟರ್ ಮಾಡಿಕೊಂಡಿದ್ದ. ಅವನು ಕೊಟ್ಟ ಪಾಕೀಟು ಭಾರವಾಗಿತ್ತು. ಗಂಭೀರವಾಗಿ ಒಡೆದೆ. ಒಂದು ಹಿಡಿ ಉಸುಕು ನನ್ನ ಧೋತರದ ಮೇಲೆ ಸುರಿಯಿತು!

"ಇದೇನೋ ಲಗಮಣ್ಣ?"

"ಉಸುಕ್ರಿ ಸಾಹೇಬ್ರ."

"ದರ ಎಲ್ಲಿ ಐತಿ?"

"ಮೊದಲ ಮಾಲ್ ನೋಡ್ರಿ. ದರದ್ದೇನ್ ಐತಿ, ಕುಂತು ಮಾತಾಡಿದ್ರ ಆತು."

ಸುನಂದಾ ಒಳಗಿನಿಂದ ಬಂದು, ಆ ಉಸುಕನ್ನು ಅಂಗೈಯಲ್ಲಿ ತಿಕ್ಕಿ ನೋಡಿದಳು. "ಎಷ್ಟ ಸ್ವಚ್ಛ ಐತಿ ನೋಡ್ರಿ. ಒಂಚೂರೂ ಮಣ್ಣಿಲ್ಲ. ಇವನ ಕಡೇನ ತಗೋರಿ."

ನಾನು ಎದ್ದು ನಿಂತು ತೀರ್ಪು ಕೊಟ್ಟೆ: ದರ ನಮೂದಿಸದ ಪಾಕೀಟು ನಿಯಮಬಾಹಿರ, ಆದ್ದರಿಂದ ತಿರಸ್ಕೃತ. ಲಗಮಣ್ಣ ಬಿದ್ದ ಉಸುಕನ್ನು ಒಂದು ಹರಳೂ ಬಿಡದೆ ಪಾಕೀಟಿಗೆ ತುಂಬಿಕೊಂಡು ಹೋದ.

ಕಡಿಮೆ ದರದವನೊಬ್ಬ ಸಿಕ್ಕ. ಆದರೆ ದೀಪಾವಳಿ ಮುಗಿದ ಕೂಡಲೇ ಉಸುಕು ಹಾಕಿಸಿಕೊಂಡರೆ ಮಾತ್ರ ಆ ದರ. ಸ್ಲ್ಯಾಬು ಬೀಳುವುದು ಬೇಸಿಗೆಯಲ್ಲಿ. ಇರಲಿ, ಮುಂಗಡ ದಾಸ್ತಾನು ಒಳ್ಳೆಯದೇ ಎಂದು ಅಂಗಳದ ತುಂಬ ಉಸುಕು ಹಾಕಿಸಿದೆ. ಚಳಿಗಾಲವಿಡೀ ಅದು ಅಲ್ಲೇ ಬಿದ್ದಿತ್ತು. ಕಚೇರಿಗೆ ಹೋಗುವಾಗ ದಿನವೂ ಅದನ್ನು ನೋಡಿ ಹೆಮ್ಮೆಪಡುತ್ತಿದ್ದೆ.

ಇನ್ನುಳಿದ ಸಾಮಾನಿನಲ್ಲೂ ಪದ್ಧತಿ ತನ್ನ ಚಮತ್ಕಾರ ತೋರಿಸಿತು. ಸಿಮೆಂಟಿಗೆ ಕಡಿಮೆ ದರ ಅಥಣಿಯಲ್ಲಿ. ಕಾಂಕ್ರೀಟು ಕಲಸುವ ಮಿಕ್ಸರ್‌ಗೆ ರಾಯಬಾಗದಲ್ಲಿ. ಹಸಿ ಸ್ಲ್ಯಾಬಿಗೆ ಅಡಿಯಿಂದ ಆಸರೆ ಕೊಡುವ ಸೆಂಟ್ರಿಂಗ್ ಪ್ಲೇಟಿಗೆ ನಿಪ್ಪಾಣಿಯಲ್ಲಿ. ನಮ್ಮ ಮನೆ ಕಟ್ಟುವ ಗವಂಡಿ ಮಾರುತಿ ತಲೆಯ ಮೇಲಿನ ಟೋಪಿ ತೆಗೆದು ತಲೆ ಕೆರೆದುಕೊಂಡ.

"ಸಾಹೇಬ್ರ, ಒಂದೊಂದು ಒಂದ ದಿಕ್ಕಿಗೆ ಐತಿ. ಎಲ್ಲಾ ಒಂದ ದಿನ ಕೂಡಬೇಕಲ್ರಿ?"

"ಅದಕ್ಕ ಯೋಜನಾ ಅಂತಾರ ಮಾರುತಿ."

"ಆ ಯೋಜನಾ ಲಾರಿ ಹೊಡಿತೈತೇನ್ರಿ?"

ಸಂಜೆ ಊಟಕ್ಕೆ ಕೂತರೆ ತಾಟು ಬರಲಿಲ್ಲ. ಸುನಂದಾ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. "ರೊಟ್ಟಿಗೆ ಮೂರ ಮನಿ ದರ ತರಿಸೀನ್ರಿ. ನನ್ನದ ಎಲ್ಲಾದಕಿಂತ ಹೆಚ್ಚೈತಿ. ಕಡಿಮಿ ಇದ್ದಲ್ಲಿ ಹೋಗಿ ಉಂಡ ಬರ್ರಿ."

ಅವ್ವ ಮುಸಿಮುಸಿ ನಕ್ಕಳು. ನಾನು ನಗಲಿಲ್ಲ. ಅಧಿಕಾರಿಗಳು ನಗಬಾರದು.

ಬೇಸಿಗೆ ಬಂತು. ಪದ್ಧತಿಯ ಮುಂದಿನ ಹಂತವಾಗಿ ಹಳೆಯ ಪತ್ರಾಗಳನ್ನು ಕೀಳಿಸಿ, ಲಿಲಾವು ಮಾಡಿ, ಹೆಚ್ಚು ಕೂಗಿದವನಿಗೆ ಮಾರಿದೆ. ಈಗ ಮನೆಗೆ ನಾಲ್ಕು ಗೋಡೆ, ಮೇಲೆ ಆಕಾಶ. ಪಕ್ಕದ ಮನೆಯ ಅಣ್ಣಾಸಾಹೇಬ ಕಾಕಾ ತಂಬಾಕಿನ ವ್ಯಾಪಾರಿ. ಅವರ ವಖಾರ, ಅಂದರೆ ಮಾಲು ತುಂಬಿಡುವ ಗೋದಾಮು, ಖಾಲಿಯಿತ್ತು. ಮೂವರೂ ಅಲ್ಲಿಗೆ ಗಂಟುಮೂಟೆ ಕಟ್ಟಿದೆವು. ವಖಾರ ಖಾಲಿಯಿದ್ದರೂ ತಂಬಾಕಿನ ಧೂಳು ಖಾಲಿಯಾಗಿರಲಿಲ್ಲ. ಸುನಂದಾ ಒಂದು ಸಲ ಸೀನಲು ಶುರು ಮಾಡಿದರೆ ಒಲೆಯ ಮೇಲಿನ ಹಾಲು ಉಕ್ಕಿ ಆರಿದರೂ ನಿಲ್ಲುತ್ತಿರಲಿಲ್ಲ.

ಕಾಕಾ ಒಳ್ಳೆಯವರು. ಆದರೆ ಮೊದಲೇ ಹೇಳಿಬಿಟ್ಟಿದ್ದರು. "ನೇಮಣ್ಣ, ಮಿರಗದ ಮಳಿ ಕೂಡೋದ್ರಾಗ ವಖಾರ ಬಿಡಬೇಕ ನೋಡಪಾ. ತೋಟದಾಗಿನ ಮಾಲು ಒಳಗ ಬರಬೇಕು. ಅದು ತೊಯ್ತಂದ್ರ ನನ್ನ ವರ್ಷದ ಅನ್ನ ಹೋತು."

ಸ್ಲ್ಯಾಬು ಹಾಕಿದ ಮೇಲೂ ಪ್ಲೇಟು ಬಿಚ್ಚಲು ವಾರಗಟ್ಟಲೆ ಕಾಯಬೇಕು. ಸ್ಲ್ಯಾಬು ಹಾಕುವ ಗ್ಯಾಂಗು ನಮಗೆ ಕೊಟ್ಟದ್ದು ಒಂದೇ ದಿನ; ಅದು ಬಿಟ್ಟರೆ ಮಿರಗದವರೆಗೆ, ಅಂದರೆ ಜೂನಿನ ಮೃಗಶಿರ ಮಳೆಯವರೆಗೆ, ಅವರಿಗೆ ಬಿಡುವಿಲ್ಲ. ಅಂದರೆ ಆ ದಿನ ತಪ್ಪಿದರೆ ಮಳೆಗಾಲಕ್ಕೆ ನಮಗೆ ವಖಾರವೂ ಇಲ್ಲ, ಮನೆಯೂ ಇಲ್ಲ. ಇಷ್ಟಾದರೂ ನಾನು ನಿಶ್ಚಿಂತೆಯಿಂದಿದ್ದೆ. ನನ್ನ ಚಿಂತೆ ಇದ್ದದ್ದು ಒಂದೇ. ಕಾರ್ಖಾನೆಯಿಂದ ನನಗೆ ಸಿಗುತ್ತಿದ್ದ ಸಕ್ಕರೆ ತಿಂಗಳ ನಡುವೆಯೇ ಮುಗಿದು ಹೋಗುತ್ತಿತ್ತು.

"ಸಕ್ಕರಿ ಎಲ್ಲಿ ಹೊಕ್ಕೈತಿ?"

"ಇರುವಿ ತಿಂತಾವ್ರಿ," ಎಂದಳು ಸುನಂದಾ.

"ಡಬ್ಬಿ ಮುಚ್ಚಳಾ ಗಟ್ಟಿ ಹಾಕು."

ಅವಳು ಇನ್ನೇನೋ ಹೇಳಲು ಬಾಯಿ ತೆರೆದಳು. ನಾನು ಸಿಮೆಂಟಿನ ಯೋಚನೆಯಲ್ಲಿ ಎದ್ದುಹೋದೆ. ಆಮೇಲೂ ಎರಡು ಸಲ ಹೀಗೇ ಆಯಿತು.

ಆ ದಿನ ಬಂತು. ನಿಪ್ಪಾಣಿಯ ಪ್ಲೇಟುಗಳು ಮೊದಲೇ ಬಂದು ಗೋಡೆಗಳ ಮೇಲೆ ಸಜ್ಜಾಗಿದ್ದವು. ಮೇಲೆ ಸರಳು ಕಟ್ಟಿಯಾಗಿತ್ತು. ಬೆಳಿಗ್ಗೆಯೇ ರಾಯಬಾಗದಿಂದ ಮಿಕ್ಸರ್ ಬಂತು. ಗ್ಯಾಂಗಿನ ಗಂಡಸರು ಹೆಂಗಸರು ಬುಟ್ಟಿ ಹಿಡಿದು ಸಾಲಾಗಿ ಕೂತರು. ಅಥಣಿಯ ಸಿಮೆಂಟು ಬರಲಿಲ್ಲ.

ಬಿಸಿಲೇರಿತು. ಬರಲಿಲ್ಲ. ನಾನು ರಸ್ತೆಯ ತುದಿಗೆ ಹೋಗಿ ನಿಲ್ಲುವುದು, ಬರುವುದು, ಮತ್ತೆ ಹೋಗುವುದು. ಮಾರುತಿ ಪಡುವಣ ಆಕಾಶ ನೋಡುತ್ತಿದ್ದ. ನಿಪ್ಪಾಣಿಯ ಕಡೆ ಒಂದು ಸಣ್ಣ ಮೋಡ. ಅಂಗೈಯಗಲ.

"ಮಳಿ ಬರೂದಿಲ್ಲ ಬಿಡು," ಎಂದೆ.

"ಅದಕ್ಕೂ ಪಾಕೀಟ ತರಿಸೀರೇನ್ರಿ?" ಎಂದ.

ಕೊನೆಗೂ ಲಾರಿ ಬಂತು! ನಾನು ಓಡಿದೆ. ಲಾರಿಯ ತುಂಬ ಉಳ್ಳಾಗಡ್ಡಿಯ ಚೀಲಗಳು. ಡ್ರೈವರ್ ಕಾಗವಾಡದ ಗಡಿಯಾಚೆಯ ಮರಾಠಿ ಮನುಷ್ಯ. ತಂಪಾಗಿ ಬೀಡಿ ಹಚ್ಚಿ ವಿವರಿಸಿದ. ಸಿಮೆಂಟು ಇದೆ, ಉಳ್ಳಾಗಡ್ಡಿಯ ಕೆಳಗೆ ಇದೆ. ಬಾಡಿಗೆ ಕಡಿಮೆ ಯಾಕೆ ಅಂದುಕೊಂಡಿರಿ? ಈ ಮಾಲನ್ನು ನಿಪ್ಪಾಣಿ ಪೇಟೆಯಲ್ಲಿ ಇಳಿಸಿ, ಸಂಜೆ ಬರುವಾಗ ಸಿಮೆಂಟು ಇಳಿಸಿ ಹೋಗುತ್ತೇನೆ.

ಸಂಜೆ!

ಕಡಿಮೆ ದರದ ಒಳಗುಟ್ಟು ನನಗೆ ಆಗ ತಿಳಿಯಿತು. ಬೇರೆ ದಾರಿಯಿರಲಿಲ್ಲ. ಕಾಂಕ್ರೀಟು ಹೊರಬೇಕಾದ ಗ್ಯಾಂಗಿನ ಕೈಲಿ ಉಳ್ಳಾಗಡ್ಡಿ ಹೊರಿಸಿದೆ. ಚೀಲಗಳನ್ನೆಲ್ಲ ಓಣಿಯಲ್ಲಿ ಇಳಿಸಿ, ಅಡಿಯ ಸಿಮೆಂಟನ್ನು ಇಳಿಸಿದ್ದಾಯಿತು. ಮತ್ತೆ ಉಳ್ಳಾಗಡ್ಡಿ ಹೇರಿರೆಂದರೆ ಗ್ಯಾಂಗಿನ ಹೆಂಗಸರು ಬುಟ್ಟಿ ಬೋರಲು ಹಾಕಿ ಅದರ ಮೇಲೆ ಕೂತರು. "ನಾವು ಸ್ಲ್ಯಾಬಿಗೆ ಬಂದೀವಿ, ಸಂತಿಗೆ ಬಂದಿಲ್ರಿ. ಮೊದಲ ಸ್ಲ್ಯಾಬು, ಆಮ್ಯಾಲ ಉಳ್ಳಾಗಡ್ಡಿ." ಡ್ರೈವರ್ ತನ್ನ ಮಾಲಿನ ಮೇಲೆ ತಾಡಪತ್ರಿ ಹೊದಿಸಿ, ಅದರ ಪಕ್ಕ ಕಾವಲು ಕೂತ. ನನ್ನನ್ನು ನೋಡುತ್ತ ಕೂತ.

ಅವ್ವ ವಖಾರದ ಬಾಗಿಲಲ್ಲಿ ನಿಂತು ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದಳು. ನಾವು ಜೈನರು. ನಮ್ಮ ಅವ್ವನಂತೂ ಉಳ್ಳಾಗಡ್ಡಿಯನ್ನು ಹೊಸ್ತಿಲ ಒಳಗೆ ತಂದವಳಲ್ಲ. ಈಗ ಬೀದಿಗೆ ಬೀದಿಯೇ ಉಳ್ಳಾಗಡ್ಡಿ!

ಮಿಕ್ಸರ್ ಗುಡುಗುಡು ಎಂದು ಶುರುವಾಯಿತು. ಜಲ್ಲಿ ಖಡಿ ಬಿತ್ತು. ಸಿಮೆಂಟು ಬಿತ್ತು. ಮಾರುತಿ ಸಲಿಕೆ ಎತ್ತಿ ಉಸುಕಿನ ಗುಡ್ಡೆಗೆ ಇನ್ನೇನು ಹಾಕಬೇಕು.

"ನಿಲ್ಲೋ!"

ಅವ್ವ. ಮೂಗಿನ ಸೆರಗು ಬಿಟ್ಟು, ಓಡುತ್ತ ಬಂದು, ಉಸುಕಿನ ಮುಂದೆ ಎರಡೂ ಕೈ ಚಾಚಿ ನಿಂತಳು.

"ಸಲಿಕಿ ಹಾಕಬ್ಯಾಡ. ಒಳಗ ಸಂಸಾರ ಅದಾವ."

"ಯಾರ ಸಂಸಾರ್ರೀ ಅವ್ವಾರ?" ಎಂದ ಮಾರುತಿ ಗಾಬರಿಯಿಂದ.

"ಇರುವಿದು!"

ಬಗ್ಗಿ ನೋಡಿದೆ. ಗುಡ್ಡೆಯ ತುಂಬ ತೂತುಗಳು. ಒಂದೊಂದು ತೂತಿನಿಂದಲೂ ಸಾಲು ಸಾಲಾಗಿ ಇರುವೆಗಳು, ಬಾಯಲ್ಲಿ ಬಿಳಿ ತತ್ತಿ. ತೂತುಗಳ ಸುತ್ತ ಹರಳು ಹರಳಾಗಿ ಏನೋ ಹೊಳೆಯುತ್ತಿತ್ತು. ಉಸುಕಲ್ಲ.

ಸಕ್ಕರೆ! ನನ್ನ ಕಾರ್ಖಾನೆಯ ಸಕ್ಕರೆ!

ದೀಪಾವಳಿಯಿಂದ ಈಚೆಗೆ ಅವ್ವ ದಿನಾ ಬಸದಿಗೆ ಹೋಗಿ ಬಂದು, ಗುಡ್ಡೆಯ ಇರುವೆಗಳಿಗೆ ಒಂದು ಚಿಟಿಕೆ ಸಕ್ಕರೆ ಹಾಕುತ್ತಿದ್ದಳಂತೆ. ಬರುಬರುತ್ತ ಚಿಟಿಕೆ ಹಿಡಿಯಾಗಿತ್ತು. ಬಳಗ ಬೆಳೆದಿತ್ತು.

"ಅವ್ವ, ಮಳಿ ಬರಾಕತ್ತೈತಿ. ಇವತ್ತ ಸ್ಲ್ಯಾಬು ಬೀಳಲಿಲ್ಲಂದ್ರ ನಮಗ ಮನಿ ಇಲ್ಲ!"

"ನೇಮ್ಯಾ, ನಮಗೊಂದು ಮನಿ ಆಗ್ಲಿ ಅಂತ ಇಷ್ಟ ಮನಿ ಮುರೀತೀಯೇನೋ? ನಾನ ಸಾಕೀನಿ ಇವನ್ನ. ನನ್ನ ಮ್ಯಾಲ ಹಾಕು ಮೊದಲ ಸಲಿಕಿ." ಹೇಳಿ, ಗುಡ್ಡೆಯ ಪಕ್ಕ ನೆಲದ ಮೇಲೆ ಕೂತೇಬಿಟ್ಟಳು. ಕೂರುವಾಗಲೂ ಜಾಗ ನೋಡಿಕೊಂಡು, ಸೆರಗಿನಿಂದ ನೆಲ ಸವರಿಯೇ ಕೂತಳು.

ಮಿಕ್ಸರ್ ಸುಮ್ಮನೆ ತಿರುಗುತ್ತಿತ್ತು. ಗ್ಯಾಂಗು ನನ್ನನ್ನು ನೋಡುತ್ತಿತ್ತು. ಡ್ರೈವರ್ ನೋಡುತ್ತಿದ್ದ. ಮೋಡ ಅಂಗೈಯಿಂದ ಕಂಬಳಿಯಾಗಿತ್ತು. ಸುನಂದಾ ಎಲ್ಲಿ ಎಂದು ನೋಡಿದೆ. ಕಾಣಲಿಲ್ಲ. ಅಣ್ಣಾಸಾಹೇಬ ಕಾಕಾನ ಫಟಫಟಿ ಮೋಟರ್ ಸೈಕಲ್ಲೂ ಕಾಣಲಿಲ್ಲ.

ಕಾರ್ಖಾನೆಯಲ್ಲಿ ಇಂಥ ಹೊತ್ತಿಗೆ ತುರ್ತು ಖರೀದಿ ಎಂಬ ಕಲಮು ಇದೆ. ಅದನ್ನು ನೆನೆದು ಸೈಕಲ್ ಹತ್ತಿದೆ. ಊರಲ್ಲಿ ಉಸುಕಿನ ದಾಸ್ತಾನು ಇದ್ದದ್ದು ಒಬ್ಬನ ಬಳಿ, ಬಸ್‌ಸ್ಟ್ಯಾಂಡಿನ ಹಿಂದಿನ ಬಯಲಿನಲ್ಲಿ. ಯಾರ ಬಳಿ? ಲಗಮಣ್ಣನ ಬಳಿ!

ಲಗಮಣ್ಣ ಬೇವಿನ ನೆರಳಲ್ಲಿ ಎಲೆ ಹಾಕುತ್ತ ಕೂತಿದ್ದ. ನಾನು ಏದುಸಿರು ಬಿಡುತ್ತ ಇಳಿದೆ.

"ಲಗಮಣ್ಣ, ಉಸುಕು ಬೇಕಾಗೇತಿ. ಈಗಿಂದೀಗ."

"ಬರ್ರಿ ಸಾಹೇಬ್ರ, ಕುಂಡ್ರಿ."

"ಕುಂಡ್ರಾಕ ಹೊತ್ತಿಲ್ಲಪಾ. ದರ ಏನಿದ್ರೂ ಕೊಡ್ತೀನಿ."

ಅವನು ಎಲೆಗೆ ಸುಣ್ಣ ಸವರುತ್ತ, ತಲೆಯೆತ್ತದೆ ಹೇಳಿದ. "ಹಂಗ ಬಾಯಿಲೆ ಹೇಳಬಾರದ್ರಿ. ಪಾಕೀಟಿನ್ಯಾಗ ಹಾಕಿ, ಮುಚ್ಚಿ ಕೊಡ್ರಿ."

ಭೂಮಿ ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಅದರಲ್ಲೂ ಇರುವೆ ಇರುತ್ತಿದ್ದವೇನೋ.

"ತಪ್ಪಾತು ಲಗಮಣ್ಣ. ಮಳಿ ಬರಾಕತ್ತೈತಿ. ಮನಿಯಾಗ ಮುದುಕಿ ಅದಾಳ."

ಆಗ ಅವನು ನಕ್ಕ. "ಹೋಗ್ರಿ ಸಾಹೇಬ್ರ ಮನಿಗೆ. ಟ್ರ್ಯಾಕ್ಟರ್ ಆಗಲೇ ಹೋಗೇತಿ. ನಿಮ್ಮ ಮನಿಯವ್ರು, ಸುನಂದಾ ವೈನಿಯಾರು, ಕಾಕಾರ ಫಟಫಟಿ ಮ್ಯಾಲ ಬಂದು ಹೇಳಿ ಹೋಗ್ಯಾರ. ನೀವು ಉಳ್ಳಾಗಡ್ಡಿ ಇಳಸಾಕತ್ತಿದ್ರೆಂತಲ್ಲ, ಆವಾಗ."

ಮನೆ ಮುಟ್ಟಿದಾಗ ಓಣಿಯಲ್ಲಿ ಸ್ವಚ್ಛ ಹೊಸ ಉಸುಕು ಸುರಿದಿತ್ತು. ಮಿಕ್ಸರ್ ನುಂಗುತ್ತಿತ್ತು. ಬುಟ್ಟಿಗಳು ಕೈಯಿಂದ ಕೈಗೆ ಹಾರುತ್ತಿದ್ದವು. ಸುನಂದಾ ಸೆರಗು ಸಿಕ್ಕಿಸಿ ಸಾಲಿನಲ್ಲಿ ನಿಂತಿದ್ದಳು.

"ನಿನಗ ಗೊತ್ತಿತ್ತಾ, ಅವ್ವ ಬಿಡೂದಿಲ್ಲಂತ?"

"ಮೂರ ಸರ್ತಿ ಹೇಳಿದ್ನಿ ನಿಮಗ. ನಾಕನೇದ್ದು ಹೇಳಿದ್ರ ಪದ್ಧತಿ ತಪ್ತೈತಂತ ಸುಮ್ಮಾದ್ನಿ. ಬುಟ್ಟಿ ಹಿಡೀರಿ!"

ಹಿಡಿದೆ. ಆ ಮಧ್ಯಾಹ್ನದಂಥ ಮಧ್ಯಾಹ್ನ ನನ್ನ ಜೀವನದಲ್ಲಿ ಇನ್ನೊಂದಿಲ್ಲ. ಒಂದು ಕಡೆಯಿಂದ ಸ್ಲ್ಯಾಬು ಮುಂದೆ ಮುಂದೆ ಸರಿಯುತ್ತಿತ್ತು, ಇನ್ನೊಂದು ಕಡೆಯಿಂದ ಮೋಡ. ನಡುವೆ ನಿಲ್ಲಿಸುವಂತಿಲ್ಲ. ನಿಲ್ಲಿಸಿದರೆ ಬಿರುಕು. ಹೊತ್ತು ಇಳಿಯುತ್ತ ಬಂತು. ಸುನಂದಾ ನಿಚ್ಚಣಿಕೆಯ ಮೇಲೆ ಅರ್ಧ ಹತ್ತಿ ಬಂದು ಕೂಗಿದಳು. "ಹೊತ್ತ ಮುಳಗಾಕತ್ತೈತ್ರಿ. ಒಂದ ರೊಟ್ಟಿ ತಿಂದ ಬಿಡ್ರಿ." ನಮ್ಮಲ್ಲಿ ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಇನ್ನು ಒಂದು ಮೂಲೆ ಮಾತ್ರ ಉಳಿದಿತ್ತು. "ಆ ಮೂಲಿ ಆಗ್ಲಿ!" ಎಂದೆ. ಅವಳೂ ಉಣ್ಣಲಿಲ್ಲ.

ಆ ಮೂಲೆಗೆ ಕಾಂಕ್ರೀಟು ಬೀಳುವುದಕ್ಕೂ ಮೊದಲ ಹನಿ ಬೀಳುವುದಕ್ಕೂ ಸರಿಹೋಯಿತು. ಹನಿಯಲ್ಲ, ಲಿಂಬೆಹಣ್ಣು!

"ತಾಡಪತ್ರಿ!" ಎಂದು ಮೇಲಿನಿಂದ ಮಾರುತಿ ಕಿರುಚಿದ. "ಸಿಮೆಂಟ್ ತೊಳಕೊಂಡು ಹೊಕ್ಕೈತ್ರಿ!"

ಎಲ್ಲವನ್ನೂ ಯೋಜಿಸಿದ್ದ ನಾನು ತಾಡಪತ್ರಿಯನ್ನು ಯೋಜಿಸಿರಲಿಲ್ಲ. ಓಣಿಯಲ್ಲಿ ಇದ್ದದ್ದು ಒಂದೇ ತಾಡಪತ್ರಿ, ಉಳ್ಳಾಗಡ್ಡಿಯ ಮೇಲೆ. ನಾನು ಹಾರಿ ಹೋಗಿ ಒಂದು ತುದಿ ಹಿಡಿದೆ. ಡ್ರೈವರ್ ಇನ್ನೊಂದು ತುದಿ ಹಿಡಿದ.

"ಅಹೋ ಸಾಹೇಬ, ಮಾಝಾ ಕಾಂದಾ!" ಎಂದು ತನ್ನ ಉಳ್ಳಾಗಡ್ಡಿಗಾಗಿ ಕೂಗಿದ.

"ನನ್ನ ಸ್ಲ್ಯಾಬೋ ಮಾರಾಯಾ!"

ಅವನು ಎಳೆದ. ನಾನು ಎಳೆದೆ. ಅವನು ಲಾರಿ ಹೊಡೆಯುವವನು, ನಾನು ಕಾಗದ ಹೊಡೆಯುವವನು. ನಾನೇ ಅವನ ಕಡೆ ಜಾರುತ್ತಿದ್ದೆ. ಆಗ ಸುನಂದಾ ನಮ್ಮಿಬ್ಬರ ನಡುವೆ ಬಂದು, ಡ್ರೈವರನಿಗೆ ವಖಾರದ ಬಾಗಿಲು ತೋರಿಸಿದಳು.

"ಅಣ್ಣಾ, ನಿನ್ನ ಉಳ್ಳಾಗಡ್ಡಿ ಒಳಗ ಇಡೂಣು. ತಾಡಪತ್ರಿ ಬಿಡು."

ಅವನು ಬಿಟ್ಟ. ನಾನು ಎಳೆಯುತ್ತಲೇ ಇದ್ದೆನಾದ್ದರಿಂದ ಅಂಗಾತ ಬಿದ್ದೆ!

ತಾಡಪತ್ರಿ ಮೇಲೇರಿತು. ಗ್ಯಾಂಗು, ಕಾಕಾ, ಡ್ರೈವರ್, ಸುನಂದಾ, ನಾನು ಎಲ್ಲರೂ ಸೇರಿ ಒಂದೊಂದೇ ಚೀಲವನ್ನು ವಖಾರದೊಳಗೆ ಹೊತ್ತೆವು. ನಮ್ಮ ಹಾಸಿಗೆಯ ಪಕ್ಕ, ಒಲೆಯ ಪಕ್ಕ, ಅವ್ವನ ಜಪಮಣಿಯ ಗೂಟದ ಕೆಳಗೆ. ಕೊನೆಯ ಚೀಲ ಒಳಗೆ ಬಂದಾಗ ಹೊರಗೆ ಆಕಾಶವೇ ಹರಿದಂತೆ ಸುರಿಯುತ್ತಿತ್ತು.

ಕತ್ತಲಾಯಿತು. ಅವ್ವ ಉಳ್ಳಾಗಡ್ಡಿಯ ಗೋಡೆಯ ನಡುವೆ, ಮೂಗಿಗೆ ಸೆರಗು ಒತ್ತಿ, ಕಣ್ಣು ಮುಚ್ಚಿ ಕೂತಿದ್ದಳು. ಇರುವೆಗಳ ಒಂದು ತತ್ತಿಯೂ ಒಡೆಯದಂತೆ ಕಾದವಳಿಗೆ ಆ ದಿನ ಸಿಕ್ಕ ಪುಣ್ಯದ ವಾಸನೆ ಅದು. ಹೊರಗೆ ಆ ಮಳೆಯಲ್ಲಿ ಇರುವೆಗಳು ಏನಾದವೋ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಆದರೆ ನೆಲ ನೋಡಿದರೆ, ಹೊಸ್ತಿಲು ದಾಟಿ ಒಂದು ಕಪ್ಪು ಸಾಲು ನೆಟ್ಟಗೆ ಒಳಗೆ ಬರುತ್ತಿತ್ತು. ಬಾಯಲ್ಲಿ ಬಿಳಿ ತತ್ತಿ. ನಮ್ಮ ಸಕ್ಕರೆ ಡಬ್ಬಿಯ ಕಡೆಗೆ!

"ನೋಡ್ರಿ," ಎಂದಳು ಸುನಂದಾ. "ವಖಾರದಾಗ ಈಗ ಎಲ್ಲಾರೂ ಬಂದಂಗಾತು."

ಹೊಟ್ಟೆ ಚುರುಗುಟ್ಟುತ್ತಿತ್ತು. ತಲೆಯಿಂದ ಕಾಲಿನವರೆಗೆ ಸಿಮೆಂಟು ಮೆತ್ತಿತ್ತು. ಅವಳು ನನ್ನ ಮುಖ ನೋಡಿದಳು. ನಗಲು ಶುರು ಮಾಡಿದಳು. ನಡುವೆ ಸೀನಿದಳು. ಮತ್ತೆ ನಕ್ಕಳು. ಸೀನಿಗೂ ನಗುವಿಗೂ ಅಂತರ ಉಳಿಯಲಿಲ್ಲ. ಕೊನೆಗೆ ಅವ್ವನ ಸೆರಗಿನ ಒಳಗಿಂದಲೂ ಕುಲುಕುಲು ಸದ್ದು ಬಂತು.

ಸ್ಲ್ಯಾಬು ನಿಂತಿತು. ಮಿರಗದ ಮೊದಲು ಒಳಗೆ ಹೋದೆವು. ಕಾಕಾನ ತಂಬಾಕು ತೊಯ್ಯಲಿಲ್ಲ, ಒಂದು ವರ್ಷ ಅದಕ್ಕೆ ಉಳ್ಳಾಗಡ್ಡಿಯ ವಾಸನೆ ಬರುತ್ತಿತ್ತು ಎಂದು ಅವರು ಹೇಳುತ್ತಿದ್ದದ್ದು ಬಿಟ್ಟರೆ. ಕೆಟ್ಟದ್ದು ಒಂದೇ, ಆ ಕೊನೆಯ ಮೂಲೆ. ಹಸಿಯಲ್ಲೇ ಮಳೆ ತಿಂದ ಆ ಮೂಲೆ ಪ್ರತಿ ಮಳೆಗಾಲ ಸೋರುತ್ತದೆ. ಅದು ಸರಿಯಾಗಿ ನನ್ನ ಮಂಚದ ಮೇಲೆ. ಸುನಂದಾ ಅದಕ್ಕೆ ಕಡಿಮೆ ದರದ ಮೂಲೆ ಎಂದು ಹೆಸರಿಟ್ಟಿದ್ದಳು. ಗುಡುಗು ಕೇಳಿದರೆ ಸಾಕು, ಮಾತು ನಿಲ್ಲಿಸದೆ, ಮೇಲೆ ನೋಡದೆ, ಒಂದು ಪಾತ್ರೆಯನ್ನು ತಂದು ಇಟ್ಟು ಹೋಗುತ್ತಿದ್ದಳು. ಹನಿ ಅದರ ನಡುವೆಯೇ ಬೀಳುತ್ತಿತ್ತು.

ಈ ಸಲ ಮಿರಗ ಕೂಡಿತು. ಗುಡುಗಿತು. ನಾನು ಎದ್ದು ಪಾತ್ರೆ ತಂದೆ. ಸೂರು ನೋಡಿದೆ, ಕಲೆ ಎಲ್ಲಿದೆ ಎಂದು ಗುರುತಿಸಿದೆ, ನೆಲ ಅಳೆದೆ, ಯೋಚಿಸಿ ಇಟ್ಟೆ. ಹನಿ ಪಕ್ಕಕ್ಕೆ ಬಿತ್ತು. ಅಲ್ಲೊಂದು ಪಾತ್ರೆ ಇಟ್ಟೆ. ಇನ್ನೂ ಆಚೆ ಬಿತ್ತು. ಅಲ್ಲೂ ಒಂದಿಟ್ಟೆ. ಮೂರು ಪಾತ್ರೆ ಸಾಲಾಗಿ ನಿಂತವು, ಪದ್ಧತಿಗೆ ಸರಿಯಾಗಿ.

ನಾನು ಮಂಚದ ಮೇಲೆ ಕೂತು ಕಾದೆ. ಹನಿ ನನ್ನ ನೆತ್ತಿಯ ಮೇಲೆ ಬಿತ್ತು!